ವೀಸಾದಲ್ಲಿ 48 ದಿನ ಖಾಲಿ ಕಂಡಾಗ: ಯುಕೆ ಪಿಆರ್‌ಗೆ ಅರ್ಜಿ ಹಾಕುವ ಮುಂಚೆ

ನಾನು ಬಾಗಲಕೋಟೆಯವಳು, ಇಂಗ್ಲೆಂಡಿನಲ್ಲಿ ನರ್ಸ್. 2019ರ ಸೆಪ್ಟೆಂಬರ್‌ನಲ್ಲಿ ಮೂರು ವರ್ಷದ ವೀಸಾ ಮೇಲೆ ಹೋದೆ. 2024ಕ್ಕೆ ಐದು ವರ್ಷ ತುಂಬುತ್ತಿತ್ತು. ಅಲ್ಲೇ ಖಾಯಂ ಆಗಿ ಇರುವ ಅನುಮತಿಗೆ ಅಲ್ಲಿ ಐಎಲ್‌ಆರ್ ಅಂತಾರೆ, ನಾವು ಪಿಆರ್ ಅಂತೀವಿ, ಅದಕ್ಕೆ ಅರ್ಜಿ ಹಾಕುವ ಸಮಯ ಬಂದಿತ್ತು. ಆ ಜುಲೈನಲ್ಲಿ ರಜೆಗೆ ನವನಗರದ ಮನೆಗೆ ಬಂದಾಗ ಎರಡೂ ವೀಸಾಗಳ ತಾರೀಖು ಒಂದು ಹಾಳೆಯಲ್ಲಿ ಬರೆದುಕೊಂಡೆ. ಎದೆ ಧಸಕ್ ಅಂತು. ಹಳೆಯದು ಮುಗಿದದ್ದು 2022ರ ಸೆಪ್ಟೆಂಬರ್ 14ಕ್ಕೆ. ಹೊಸದು ಶುರುವಾದದ್ದು ನವೆಂಬರ್ 2ಕ್ಕೆ. ನಡುವೆ 48 ದಿನ ಖಾಲಿ.

ಫೋನ್ ಮಾಡಿ ಒಬ್ಬ ಏಜೆಂಟರನ್ನು ಕೇಳಿದೆ. "ಗ್ಯಾಪ್ ಬಿದ್ದಿದೆ, ಐದು ವರ್ಷ 2022ರಿಂದ ಹೊಸದಾಗಿ ಎಣಿಸಬೇಕು" ಅಂದರು. ಮೂರು ರಾತ್ರಿ ನಿದ್ದೆ ಇಲ್ಲ. ಆಮೇಲೆ ನಿಯಮ ನಾನೇ ಕೂತು ಓದಿದೆ. ಅವರು ಹೇಳಿದ್ದು ತಪ್ಪು.

ನೋಡಬೇಕಾದದ್ದು ಹೊಸ ವೀಸಾ ಯಾವತ್ತು ಸಿಕ್ಕಿತು ಅಂತಲ್ಲ, ಅದಕ್ಕೆ ಅರ್ಜಿ ಯಾವತ್ತು ಹಾಕಿದಿರಿ ಅಂತ. ಹಳೆಯ ವೀಸಾ ಮುಗಿಯುವ ಮುಂಚೆ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೂ ಹಳೆಯ ವೀಸಾ ತಾನಾಗಿ ಮುಂದುವರಿಯುತ್ತದೆ. 1971ರ ಇಮಿಗ್ರೇಷನ್ ಆಕ್ಟ್‌ನ 3ಸಿ ಸೆಕ್ಷನ್ ಹೇಳುವುದು ಇದನ್ನೇ. ಆಗ ಕೊಡುತ್ತಿದ್ದ ವೀಸಾ ಕಾರ್ಡಿನ ಮೇಲೆ ಈ ದಿನಗಳು ಕಾಣುತ್ತಿರಲಿಲ್ಲ, ಆದರೆ ಕಾನೂನಿನ ಲೆಕ್ಕದಲ್ಲಿ ಇರುತ್ತವೆ. ಆನ್‌ಲೈನ್‌ನಲ್ಲಿ ಫೀಸು ಕಟ್ಟಿ ಸಬ್ಮಿಟ್ ಮಾಡಿದ ದಿನವೇ ಅರ್ಜಿಯ ದಿನ. ಬೆರಳಚ್ಚು ಕೊಡಲು ಹೋದ ದಿನ ಲೆಕ್ಕಕ್ಕಿಲ್ಲ.

ಸರಿ, ಆ ದಿನಕ್ಕೆ ಪುರಾವೆ ಎಲ್ಲಿ? ನನ್ನ ಹಳೆಯ ಇಮೇಲ್ ಖಾತೆ ಮುಚ್ಚಿಹೋಗಿತ್ತು. ನಾನು ಕಪಾಟು ಜಾಲಾಡುವುದನ್ನು ನೋಡಿ ಅಪ್ಪ "ಏನ್ ಹುಡುಕಾಕತ್ತಿ ಯವ್ವಾ?" ಅಂದರು. ಹೇಳಿದೆ. ಸುಮ್ನೆ ಎದ್ದು ಹೋಗಿ ಟ್ರಂಕ್ ತೆಗೆದರು.

ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋದವರು ನಾವು. ಪರಿಹಾರಕ್ಕೆ ಕಚೇರಿ ಕಚೇರಿ ಅಲೆದ ಮೇಲೆ ಅಪ್ಪ ಒಂದು ಕಾಗದವನ್ನೂ ಎಸೆದವರಲ್ಲ. ಮುಳುಗಡೆ ಫೈಲಿನ ಕೆಳಗೆ ನನ್ನ ಹೆಸರಿನದೊಂದು ಫೈಲು ಇತ್ತು. ಅರ್ಜಿ ಹಾಕಿದ ರಾತ್ರಿ ಫೀಸಿನ ಇಮೇಲ್ ಅವರಿಗೆ ಕಳಿಸಿದ್ದೆ, ನನಗೇ ಮರೆತುಹೋಗಿತ್ತು. ಮರುದಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಮೂಲೆಯಲ್ಲಿ ನೀಲಿ ಪೆನ್ನಿನಿಂದ 10-9-22 ಅಂತ ಬರೆದಿದ್ದರು. ಒಳಗಿನ ತಾರೀಖು ಸೆಪ್ಟೆಂಬರ್ 9, ರಾತ್ರಿ 11 ಗಂಟೆ. ಇಲ್ಲಿ ಆಗಲೇ ಬೆಳಗಿನ ಜಾವ, ತಾರೀಖು 10 ಆಗಿತ್ತು ಅಲ್ವಾ? ಅರ್ಜಿಗೆ ಬೇಕಾದದ್ದು ಯುಕೆ ತಾರೀಖು. ವೀಸಾ ಮುಗಿಯಲು ಇನ್ನೂ ಐದು ದಿನ ಇತ್ತು. ಆ ಹಾಳೆ ಹಿಡಿದು ಅಲ್ಲೇ ಟ್ರಂಕಿನ ಮೇಲೆ ಕೂತುಬಿಟ್ಟೆ.

ನಿಮ್ಮ ಮನೆಯಲ್ಲಿ ಇಂಥ ಫೈಲು ಇಲ್ಲದಿದ್ದರೂ ದಾರಿ ಇದೆ. ಫೀಸು ಕಟ್ಟಿದ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ. ಜೊತೆಗೆ ವೀಸಾ ನೋಡಿಕೊಳ್ಳುವ ಯುಕೆ ಸರ್ಕಾರದ ಇಲಾಖೆಯಾದ ಹೋಮ್ ಆಫೀಸ್‌ಗೆ ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್ ಹಾಕಿ. ನಿಮ್ಮ ಬಗ್ಗೆ ಅವರ ಬಳಿ ಇರುವ ದಾಖಲೆ ಕೊಡಿ ಅಂತ ಕೇಳುವುದು ಅದು. ದುಡ್ಡು ಬೇಡ. ಉತ್ತರಕ್ಕೆ ಸಾಮಾನ್ಯವಾಗಿ ಒಂದು ತಿಂಗಳು, ಕೆಲವೊಮ್ಮೆ ಜಾಸ್ತಿ. ಹಾಗಾಗಿ ಮೂರು ನಾಲ್ಕು ತಿಂಗಳ ಮುಂಚೆಯೇ ಕೇಳಿಡಿ.

ಒಂದು ಎಚ್ಚರ. ಈ 3ಸಿ ದಿನಗಳಲ್ಲಿ ಊರಿಗೆ ಬಂದರೆ ಅರ್ಜಿಯನ್ನೇ ವಾಪಸ್ ಪಡೆದಂತೆ ಲೆಕ್ಕ. 2022ರ ಅಕ್ಟೋಬರ್‌ನಲ್ಲಿ ಇಳಕಲ್‌ನಲ್ಲಿ ಚಿಕ್ಕಮ್ಮನ ಮಗಳ ಮದುವೆ ಇತ್ತು. ಅತ್ತುಕೊಂಡೇ ಇಂಗ್ಲೆಂಡಿನಲ್ಲೇ ಉಳಿದೆ. ಬಂದಿದ್ದರೆ ಐದು ವರ್ಷದ ಲೆಕ್ಕ ಅಲ್ಲಿಗೇ ತುಂಡಾಗಬಹುದಿತ್ತು.

ಅರ್ಜಿ ನಿಜವಾಗಿ ತಡವಾಗಿದ್ದರೆ ಮಾತು ಬೇರೆ. 2016ರ ನವೆಂಬರ್ 24ರ ನಂತರ ಇರುವ ವಿನಾಯಿತಿ ಚಿಕ್ಕದು: ವೀಸಾ ಮುಗಿದ 14 ದಿನದೊಳಗೆ ಅರ್ಜಿ ಹಾಕಿರಬೇಕು, ತಡವಾದದ್ದಕ್ಕೆ ನಿಮ್ಮ ಕೈಮೀರಿದ ಕಾರಣ ಇರಬೇಕು, ಆ ಕಾರಣವನ್ನು ಆ ಅರ್ಜಿಯಲ್ಲೇ ಹೇಳಿರಬೇಕು. ನಿಮ್ಮದು ಈ ಥರದ್ದಾದರೆ ಒಬ್ಬರೇ ಕೂತು ಫಾರಂ ತುಂಬಬೇಡಿ. ಸಾಲಿಸಿಟರ್, ಅಂದರೆ ಅಲ್ಲಿನ ವಕೀಲರ ಹತ್ತಿರ ಹೋಗಿ. ಇಲ್ಲವೇ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿಸಿದ ಸಲಹೆಗಾರರನ್ನು ನೋಡಿ. ಮುಚ್ಚಿಡಲಂತೂ ಹೋಗಬೇಡಿ. ತಾರೀಖುಗಳು ಅವರ ಕಂಪ್ಯೂಟರ್‌ನಲ್ಲಿವೆ. ಸುಳ್ಳು ಬರೆದದ್ದು ಸಿಕ್ಕರೆ ಗ್ಯಾಪ್‌ಗಿಂತ ದೊಡ್ಡ ತೊಂದರೆ.

ಪಿಆರ್‌ಗೆ ನಾನು ತುಂಬಿದ್ದು ಸೆಟ್ ಓ ಅನ್ನುವ ಫಾರಂ. ಜೊತೆಗೆ ಒಂದೇ ಪುಟದ ಪತ್ರ ಇಟ್ಟೆ. ಹಳೆಯ ವೀಸಾ ಮುಗಿದ ದಿನ, ಅರ್ಜಿ ಹಾಕಿದ ದಿನ, ಹೊಸದು ಸಿಕ್ಕ ದಿನ, ನಡುವಿನ ದಿನಗಳು 3ಸಿ ಕೆಳಗೆ ಬರುತ್ತವೆ ಅನ್ನುವ ಒಂದು ಸಾಲು. ಅಷ್ಟೇ. ಕಷ್ಟಸುಖ ಬರೆಯಲಿಲ್ಲ. ಅಪ್ಪನ ಪ್ರಿಂಟನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಸ್ಕ್ಯಾನ್ ಮಾಡಿ ಹಾಕಿದೆ. ಫೀಸು ಆಗ 2,885 ಪೌಂಡ್, ಅರ್ಜಿ ತಿರಸ್ಕಾರವಾದರೆ ವಾಪಸ್ ಬರುವುದಿಲ್ಲ. ಪಿಆರ್‌ಗೆ ಪಾಸಾಗಬೇಕಾದ ಲೈಫ್ ಇನ್ ದ ಯುಕೆ ಪರೀಕ್ಷೆಗೆ 24 ಪ್ರಶ್ನೆ, 18 ಸರಿ ಬರಬೇಕು. ಪುಸ್ತಕ ಓದಿದರೆ ಆಗುತ್ತದೆ. ಐದು ವರ್ಷ ತುಂಬುವ 28 ದಿನ ಮುಂಚೆಯಿಂದ ಅರ್ಜಿ ಹಾಕಬಹುದಿತ್ತು. ನಿಯಮ ಬದಲಿಸುವ ಮಾತು 2025ರಿಂದ ನಡೆದಿದೆ, ಆದ್ದರಿಂದ ನೀವು ಹಾಕುವ ಹೊತ್ತಿಗೆ ಏನಿದೆ ಅಂತ ಸರ್ಕಾರದ ತಾಣದಲ್ಲೇ ಓದಿ.

ಯುಕೆ ಹೊರಗಿದ್ದ ದಿನಗಳ ಪಟ್ಟಿಯೂ ಬೇಕು. ಯಾವುದೇ 12 ತಿಂಗಳಲ್ಲಿ 180 ದಿನ ಮೀರಿರಬಾರದು. ಹೊರಟ ದಿನ, ಮರಳಿದ ದಿನ ಎರಡನ್ನೂ ಬಿಟ್ಟು, ನಡುವಿನ ಪೂರ್ತಿ ದಿನಗಳನ್ನು ಮಾತ್ರ ಎಣಿಸಿ. ಪಾಸ್‌ಪೋರ್ಟ್ ಮುದ್ರೆ ಮಸುಕಾಗಿದ್ದರೆ ಟಿಕೆಟ್ ಇಮೇಲ್ ಹುಡುಕಿ. ನಾಳೆ ಪೌರತ್ವಕ್ಕೆ ಹಾಕುವಾಗಲೂ ಇಂಥ ಪಟ್ಟಿ ಕೇಳುತ್ತಾರೆ. ನಾನು ಈಗ ಊರಿಗೆ ಬಂದು ಹೋಗುವಾಗಲೆಲ್ಲ ಎರಡು ತಾರೀಖು ಅಪ್ಪನಿಗೆ ಹೇಳುತ್ತೇನೆ. ಅವರು ಫೈಲಿನ ರಟ್ಟಿನ ಒಳಗೆ ಬರೆದುಕೊಳ್ಳುತ್ತಾರೆ.