ಗಂಜಿನಲ್ಲಿ ಕೂತು ವಿದೇಶಾಂಗ ನೀತಿ: ನನ್ನ ಅನುಭವ

2025ರ ಫೆಬ್ರುವರಿಯ ಒಂದು ಮಧ್ಯಾಹ್ನ ಕಲಬುರಗಿ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಅಡತ್ (ದಲ್ಲಾಳಿ) ಅಂಗಡಿಯವರೊಬ್ಬರು ನನ್ನನ್ನು ಕರೆದು ಚಹಾ ಕುಡಿಸಿದರು. ಇದರಲ್ಲೇನು ದೊಡ್ಡದು ಅಂತೀರಾ? ಇದೇ ಮನುಷ್ಯ ಹಿಂದೊಮ್ಮೆ ವಿದೇಶಾಂಗ ನೀತಿಯ ಬಗ್ಗೆ ನಮ್ಮ ಸಣ್ಣ ಚಿಂತಕರ ಚಾವಡಿ (ಥಿಂಕ್ ಟ್ಯಾಂಕ್) ಹಂಚುವ ಟಿಪ್ಪಣಿಯ ಮೇಲೆ ಮಿರ್ಚಿ ಭಜಿ ಇಟ್ಟು ತಿಂದವರು. ನನ್ನ ಎದುರಿಗೇ. "ಕಲಬುರಗ್ಯಾಗ ಕೂತು ದಿಲ್ಲಿ ಕೆಲಸ ಮಾಡ್ತೀರಿ ಏನ್ರಿ ಸರ?" ಅಂದು ಎಣ್ಣೆ ಕೈ ಅದಕ್ಕೇ ಒರೆಸಿದ್ದರು. ಈಗ ಅವರೇ ಚಹಾ ಹೇಳಿ, "ಮುಂದಿನ ಕಾಗದ ಯಾವಾಗ ಬರ್ತದ್ರಿ?" ಅಂತ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೇರೆ ಊರುಗಳಲ್ಲಿ ಇಂಥದೇ ಸಣ್ಣ ಚಾವಡಿ ನಡೆಸುವವರಿಗೆ ಇದು ಉಪಯೋಗ ಆಗಬಹುದು. ಚಿಂತಕರ ಚಾವಡಿ ಅಂದರೇನು, ನೊಂದಣಿ ಹೇಗೆ, ಸರ್ಕಾರದ ಅಧಿಸೂಚನೆ ಎಲ್ಲಿ ಸಿಗುತ್ತದೆ, ಇದೆಲ್ಲ ನಿಮಗೆ ಗೊತ್ತಿದೆ. ಬಿಡುತ್ತೇನೆ.

ಶುರು ಮಾಡಿದ್ದು 2022ರ ಮಳೆಗಾಲದಲ್ಲಿ. ನಾನು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನು. ಜೊತೆಗೆ ಸೈನ್ಯದಿಂದ ನಿವೃತ್ತರಾದ ಸುಬೇದಾರ್ ಕಾಕಾ, ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಒಬ್ಬ ಹುಡುಗ. ಸೂಪರ್ ಮಾರ್ಕೆಟ್ ಹತ್ತಿರ ಒಂದು ಕೋಣೆ, ಬಾಡಿಗೆ 3,500. ಲ್ಯಾಪ್‌ಟಾಪ್, ಪ್ರಿಂಟರ್, ಕುರ್ಚಿ, ನೊಂದಣಿ, ಆಡಿಟರ್, ಎಲ್ಲಾ ಸೇರಿ ಮೊದಲ ವರ್ಷ ಸುಮಾರು 1 ಲಕ್ಷ 40 ಸಾವಿರ ಕೈಯಿಂದ ಹೋಯಿತು. ಮನೆಯಲ್ಲಿ ಪೂರ್ತಿ ಲೆಕ್ಕ ಇನ್ನೂ ಹೇಳಿಲ್ಲ.

ಆ ವರ್ಷ ನಾವು ಮಾಡಿದ್ದೆಲ್ಲ ನಕಲು. ದಿಲ್ಲಿಯವರು ಚೀನಾ ಬಗ್ಗೆ ಬರೆದರೆ ನಾವೂ ಚೀನಾ ಬಗ್ಗೆ. ಅವರು ಹಿಂದೂ ಮಹಾಸಾಗರ ಅಂದರೆ ನಾವೂ ಅದೇ. ಹನ್ನೆರಡು ಪುಟದ ವರದಿ, 200 ಪ್ರತಿ. ಹೆಚ್ಚು ಕಮ್ಮಿ 150 ರದ್ದಿಗೆ ಹೋದವು. ದಿಲ್ಲಿಯ ಐಡಿಎಸ್‌ಎ 1965ರಲ್ಲಿ ಹುಟ್ಟಿದ ರಕ್ಷಣಾ ಅಧ್ಯಯನ ಸಂಸ್ಥೆ. ಅದರ ಹಿಂದೆ ರಕ್ಷಣಾ ಸಚಿವಾಲಯದ ದುಡ್ಡಿದೆ, ಗ್ರಂಥಾಲಯವಿದೆ, ನಿವೃತ್ತ ಜನರಲ್‌ಗಳಿದ್ದಾರೆ. ನಮ್ಮ ಹಿಂದೆ ಇದ್ದದ್ದು ಒಂದು ಕೂಲರ್, ಅದೂ ಸೋರುತ್ತಿತ್ತು.

ವಿಚಾರ ಸಂಕಿರಣವನ್ನೂ ಮಾಡಿ ನೋಡಿದೆವು. ಹೈದರಾಬಾದಿನಿಂದ ನಿವೃತ್ತ ರಾಜತಾಂತ್ರಿಕರೊಬ್ಬರನ್ನು ಕರೆಸಿದೆವು. ಹಾಲ್, ಊಟ, ಬ್ಯಾನರ್, ಶಾಲು ಸೇರಿ 38 ಸಾವಿರ. ಬಂದವರು ಹನ್ನೊಂದು ಜನ. ಅದರಲ್ಲಿ ನಾಲ್ವರು ಹಾಜರಾತಿ ಸಿಗುತ್ತದೆ ಅಂದುಕೊಂಡು ಬಂದ ನನ್ನದೇ ವಿದ್ಯಾರ್ಥಿಗಳು. ಏಪ್ರಿಲ್ ಬಿಸಿಲು, ನಡುವೆ ಕರೆಂಟ್ ಹೋಯಿತು, ಮೈಕ್ ಸತ್ತಿತು. ಪುಣ್ಯಾತ್ಮರು ಬೆವರು ಒರೆಸಿಕೊಳ್ಳುತ್ತಾ ಒಂದು ತಾಸು ಮಾತಾಡಿದರು. ನೂರು ಜನರಿಗೆ ಮಾಡಿಸಿದ್ದ ಊಟವನ್ನು ರಾತ್ರಿ ಹಾಸ್ಟೆಲ್ ಹುಡುಗರು ಖಾಲಿ ಮಾಡಿದರು. ಸಂಕಿರಣ ಅನ್ನುವ ಶಬ್ದ ಕೇಳಿದರೆ ಸುಬೇದಾರ್ ಕಾಕಾ ಇವತ್ತಿಗೂ ಎದ್ದು ಹೊರಗೆ ಹೋಗುತ್ತಾರೆ.

ದಾರಿ ತೋರಿಸಿದ್ದು ಲೆಕ್ಕದ ಹುಡುಗ. "ಸರ, ನಮ್ಮ ಮಿಲ್ಲಿಗೆ ಬರೋ ತೊಗರಿ ಅರ್ಧ ಬರ್ಮಾದ್ದು, ಆಫ್ರಿಕಾದ್ದು. ಇದು ವಿದೇಶಾಂಗ ನೀತಿ ಅಲ್ಲೇನ್ರಿ?" ಅಂದ. ನಾನು ಸುಮ್ನೆ ಅವನ ಮುಖ ನೋಡಿದೆ. ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ. 2015ರಲ್ಲಿ ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿದ ಮೇಲೆ 2016ರಲ್ಲಿ ಮೊಜಾಂಬಿಕ್ ಜೊತೆ ಒಪ್ಪಂದ ಆಯಿತು, ಆಮೇಲೆ ಅದು ವರ್ಷಕ್ಕೆ 2 ಲಕ್ಷ ಟನ್ ತೊಗರಿಯ ಮಾತಾಯಿತು. 2021ರಲ್ಲಿ ಮ್ಯಾನ್ಮಾರ್ ಜೊತೆ 1 ಲಕ್ಷ ಟನ್, ಮಲಾವಿ ಜೊತೆ 50 ಸಾವಿರ ಟನ್. ಅದೇ ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರುವರಿ 1ರಂದು ಸೈನ್ಯ ಅಧಿಕಾರ ಹಿಡಿದಿತ್ತು. ಸೇನಾಡಳಿತದ ಜೊತೆ ದಿಲ್ಲಿ ಯಾಕೆ ಮಾತು ಬಿಡಲಿಲ್ಲ ಅನ್ನುವುದಕ್ಕೆ ಗಡಿ, ಉಗ್ರರು, ಚೀನಾ ಅಂತ ನೂರು ಕಾರಣ ಕೊಡಬಹುದು. ಗಂಜಿನಲ್ಲಿ ಕೂತರೆ ಕಾಣುವ ಕಾರಣ ಅಲ್ಲಿಂದ ಬರುವ ಲೆಮನ್ ತಳಿಯ ತೊಗರಿ.

ಹನ್ನೆರಡು ಪುಟ ಬಿಟ್ಟು ಒಂದೇ ಹಾಳೆ, ಎರಡು ಬದಿಗೆ ಇಳಿದೆವು. ತಿಂಗಳಿಗೊಂದು ಟಿಪ್ಪಣಿ. ಕೆಳಗೆ ಎರಡೋ ಮೂರೋ ಭವಿಷ್ಯ, ಶೇಕಡಾ ಎಷ್ಟು ಖಾತ್ರಿ ಅನ್ನುವುದರ ಜೊತೆಗೆ. ಅದನ್ನೆಲ್ಲ ಅಡತ್ ಅಂಗಡಿಯವರು ಇಡುವಂಥ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿ ತಾರೀಕು ಹಾಕಿ ಬರೆಯುತ್ತೇವೆ. ಗಡುವು ಮುಗಿದ ದಿನ ಸರಿ ಅಥವಾ ತಪ್ಪು. ಅಳಿಸುವ ಹಾಗಿಲ್ಲ. ಶೇಕಡಾ ಹಾಕಿ ಹೇಳಿದ ಭವಿಷ್ಯ ನಿಜಕ್ಕೆ ಎಷ್ಟು ಹತ್ತಿರ ಬಂತು ಅಂತ ಅಳೆಯುವ ಬ್ರಯರ್ ಅಂಕದ ಲೆಕ್ಕ ನಿಮಗೆ ಗೊತ್ತೇ ಇದೆ.

ಮೊದಲ ದೊಡ್ಡ ಏಟು ಬಿದ್ದದ್ದು 2023ರ ಡಿಸೆಂಬರಿನಲ್ಲಿ. ಯೆಮೆನ್‌ನ ಹೂತಿ ಬಂಡುಕೋರರು ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದ್ದರು. ನಾನು ಬಹಳ ಉತ್ಸಾಹದಿಂದ, ಆಫ್ರಿಕಾದ ತೊಗರಿ ತಡವಾಗುತ್ತದೆ, ಬೆಲೆ ಏರುತ್ತದೆ ಅಂತ ಶೇ 75 ಹಾಕಿ ಬರೆದೆ. ಟಿಪ್ಪಣಿ ಹಂಚಿದ ಮರುದಿನ ಭಜಿಯ ಅಡತಿಯವರು ರಸ್ತೆಯಲ್ಲೇ ನಿಲ್ಲಿಸಿದರು. "ಸರ, ನಕಾಲಾದ ಹಡಗ ಮುಂಬೈಗಿ ಬರ್ಲಕ್ಕ ಕೆಂಪು ಸಮುದ್ರಕ್ಕ ಯಾಕ ಹೋಗ್ತದ್ರಿ? ಒಮ್ಮಿ ನಕ್ಷಾ ನೋಡ್ರಿ."

ಕೋಣೆಗೆ ಬಂದು ನಕ್ಷೆ ಬಿಚ್ಚಿದೆ. ಮೊಜಾಂಬಿಕ್‌ನ ನಕಾಲ ಬಂದರಿನಿಂದ ಮುಂಬೈಗೆ ಅರಬ್ಬೀ ಸಮುದ್ರ ದಾಟಿ ಹೆಚ್ಚು ಕಮ್ಮಿ ನೇರ ಗೆರೆ. ಕೆಂಪು ಸಮುದ್ರ ಎಲ್ಲೋ ಎಡಗಡೆ ಉಳಿಯುತ್ತದೆ. ಆಗಿನ ನಿಜವಾದ ತೊಂದರೆ ನಕಾಲದಲ್ಲೇ ಇತ್ತು. ಅಲ್ಲಿನ ರಫ್ತು ವ್ಯಾಪಾರಿಗಳ ಕೋರ್ಟ್ ಜಗಳದಲ್ಲಿ ತೊಗರಿ ಬಂದರಿನಲ್ಲೇ ಸಿಕ್ಕಿಬಿದ್ದಿತ್ತು. ನಾವು ಕ್ಷಿಪಣಿ ನೋಡುತ್ತಾ ಕೂತಿದ್ದೆವು, ಅಡ್ಡಿ ವಕೀಲರದ್ದಾಗಿತ್ತು. ಬೆಲೆ ಕ್ವಿಂಟಲ್‌ಗೆ ಹತ್ತು ಸಾವಿರದ ಆಸುಪಾಸು ಹೋದದ್ದು ನಿಜ. ಆದರೆ ಕಾರಣ ತಪ್ಪಿದ ಮೇಲೆ ಅಂಕ ಹೇಗೆ ತಗೊಳ್ಳೋದು? ಖಾತೆಯಲ್ಲಿ ತಪ್ಪು ಅಂತಲೇ ಬರೆದೆವು. ಮುಂದಿನ ಟಿಪ್ಪಣಿಯ ಮೊದಲ ಸಾಲು: "ಹೋದ ಸಲ ನಾವು ನಕ್ಷೆ ನೋಡದೆ ಬರೆದಿದ್ದೆವು." ಆ ಸಾಲಿಗೆ ಹೊಸ ಚಂದಾದಾರರು ನಲವತ್ತು ಜನ ಬಂದರು. ಯಾವ ಸಂಕಿರಣವೂ ಇಷ್ಟು ಕೊಟ್ಟಿರಲಿಲ್ಲ.

ಆಮೇಲೆ ಒಂದು ರೂಢಿ ಮಾಡಿಕೊಂಡೆವು. ಅಚ್ಚಿಗೆ ಹೋಗುವ ಮೊದಲು ಕರಡನ್ನು ಗಂಜಿನಲ್ಲಿ ಮೂವರಿಗೆ ಓದಿ ಹೇಳುತ್ತೇವೆ. ಮೂವರೂ ಒಬ್ಬರಿಗೊಬ್ಬರು ಆಗದವರು. ಯಾರು, ಯಾವ ಕ್ರಮದಲ್ಲಿ ಓದಿಸುತ್ತೇವೆ ಅನ್ನುವುದನ್ನು ಹೇಳಲ್ಲ, ಮೂರು ವರ್ಷದ ಗಳಿಕೆ ಅದೊಂದೇ. ಹಡಗು ಬಂದ ಸುದ್ದಿ ಪತ್ರಿಕೆಗಿಂತ ನಾಲ್ಕೈದು ದಿನ ಮೊದಲು ನಮಗೆ ಹೇಗೆ ಸಿಗುತ್ತದೆ ಅನ್ನುವುದನ್ನೂ ಹೇಳಲ್ಲ. ಕದ್ದ ಸುದ್ದಿ ಅಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ದುಡ್ಡಿನ ಮಾತು. ಮಿಲ್ ಮಾಲೀಕರೊಬ್ಬರು 2 ಲಕ್ಷ ಕೊಡಲು ಬಂದರು. ಆಮದು ಮುಂದುವರಿಯಬೇಕು ಅಂತ ಬರೆಯಬೇಕಿತ್ತು. ಒಂದು ತಿಂಗಳಲ್ಲಿ ರೈತ ಮುಖಂಡರೊಬ್ಬರು ಬಂದು ಆಮದು ನಿಲ್ಲಬೇಕು ಅಂತ ಬರೆಯಿರಿ ಅಂದರು, ಅವರ ಹತ್ತಿರ ದುಡ್ಡೂ ಇರಲಿಲ್ಲ. ಇಬ್ಬರಿಗೂ ಇಲ್ಲ ಅಂದೆವು, ಇಬ್ಬರೂ ಮುನಿಸಿಕೊಂಡರು. ಎರಡು ಲಕ್ಷಕ್ಕೆ ಇಲ್ಲ ಅಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆಮೇಲೆ ನಿಯಮ ಮಾಡಿದೆವು: ಯಾರೇ ಆಗಲಿ ವರ್ಷಕ್ಕೆ 5,000ಕ್ಕಿಂತ ಜಾಸ್ತಿ ಕೊಡುವಂತಿಲ್ಲ, ಕೊಟ್ಟವರ ಹೆಸರು ಹಾಳೆಯ ಹಿಂಬದಿ ಬರುತ್ತದೆ. ವಿದೇಶಿ ದೇಣಿಗೆ ತರೋಣ ಅಂತ ಒಬ್ಬ ಗೆಳೆಯ ಹೇಳಿದ. ಅದಕ್ಕೆ ಬೇಕಾದ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೊಂದಣಿಗೆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ತೋರಿಸಬೇಕು. ನಮ್ಮದು ಮೂರು ವರ್ಷಕ್ಕೆ ಮೂರೂವರೆ ಲಕ್ಷ ದಾಟಿಲ್ಲ. ಆ ಮಾತು ಅಲ್ಲಿಗೇ ಮುಗಿಯಿತು.

ಈಗಿನ ಲೆಕ್ಕ ಹೀಗಿದೆ. ಚಂದಾದಾರರು 310, ವರ್ಷಕ್ಕೆ 200 ರೂಪಾಯಿಯಂತೆ 62 ಸಾವಿರ. ಬಾಡಿಗೆ 42 ಸಾವಿರ, ಅಚ್ಚು ಸುಮಾರು 17 ಸಾವಿರ. ಉಳಿದದ್ದರಲ್ಲಿ ಚಹಾ.

ಅಡ್ಡ ಪ್ರಯೋಗಗಳೂ ಆದವು. ಲಂಡನ್ನಿನ ಚಾಥಮ್ ಹೌಸ್ 1927ರಲ್ಲಿ ಮಾಡಿದ ನಿಯಮ ಇದೆಯಲ್ಲ, ಏನು ಹೇಳಿದರು ಅಂತ ಬಳಸಬಹುದು, ಯಾರು ಹೇಳಿದರು ಅಂತ ಹೇಳಬಾರದು ಅನ್ನುವುದು, ಅದನ್ನು ಇಲ್ಲಿ ಹಚ್ಚಿ ನೋಡಿದೆವು. ಬಾಗಿಲು ಹಾಕಿ ಒಂಬತ್ತು ಜನರ ಸಭೆ. ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಹಾಲು ತರಲು ಹೋದರೆ ಹಾಲಿನವನು, "ನಿನ್ನಿ ರಾತ್ರಿ ಅವರು ಹಂಗಂದ್ರಂತಲ್ರಿ" ಅಂದ. ಹೆಸರು ಸಮೇತ. ಲಂಡನ್ ನಿಯಮ ನಮ್ಮ ಊರಿಗೆ ಆಗಲ್ಲ.

ಇನ್ನೊಂದು, ಬೀದರ್ ವಾಯುನೆಲೆ. ಅಲ್ಲಿ ಹಾಕ್ ತರಬೇತಿ ವಿಮಾನಗಳಿವೆ, ಸೂರ್ಯಕಿರಣ ತಂಡವೂ ಅಲ್ಲಿಯದೇ. ದಿನಕ್ಕೆ ಎಷ್ಟು ಸಲ ಹಾರುತ್ತವೆ ಎಣಿಸಿ ಬರೆಯೋಣ ಅಂತ ಒಬ್ಬ ಹುಡುಗ ಉಮೇದಿನಿಂದ ಹೇಳಿದ. ಸುಬೇದಾರ್ ಕಾಕಾ ಚಹಾದ ಕಪ್ ಕೆಳಗಿಟ್ಟು, "ತಮ್ಮಾ, ಸರ್ಕಾರಿ ಗುಟ್ಟಿಂದು 1923ರದು ಒಂದು ಕಾಯ್ದೆ ಅದ. ನೀ ಎಣಿಸು, ನಾ ಜಾಮೀನಿಗೆ ಬರಂಗಿಲ್ಲ" ಅಂದರು. ಅಲ್ಲಿಗೆ ಬಿಟ್ಟೆವು. ಅದರ ಬದಲು ಬೀದರಿನ ಮಹಮೂದ್ ಗವಾನನ ಮೇಲೆ ಒಂದು ಸಂಚಿಕೆ ಮಾಡಿದೆವು. ಬಹಮನಿಗಳ ಈ ಮಂತ್ರಿ 15ನೇ ಶತಮಾನದಲ್ಲೇ ತುರ್ಕಿಯ ಸುಲ್ತಾನ ಎರಡನೇ ಮೆಹಮದ್‌ಗೆ ಕಾಗದ ಬರೆದವನು. ಇನ್ನೊಂದು ಸಂಚಿಕೆ ಹೈದರಾಬಾದ್ ವಿಮೋಚನೆಯ ದಿನ ಸೆಪ್ಟೆಂಬರ್ 17ಕ್ಕೆ: 1948ರ ಆಗಸ್ಟಿನಲ್ಲಿ ನಿಜಾಮ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಾಗ ನಮ್ಮ ಅಜ್ಜಂದಿರ ಊರೇ ಅಲ್ಲಿನ ಕಡತದೊಳಗೆ ಹೋಗಿತ್ತು ಅಂತ. ಇವೆರಡೂ ಚೆನ್ನಾಗಿ ಖರ್ಚಾದವು, ಬೀದರಿನಲ್ಲಿ ಅರವತ್ತು ಚಂದಾ ಬಂತು.

ಆದರೆ ಮನಸ್ಸಿನಲ್ಲಿ ಉಳಿದದ್ದು 2024ರ ಸಂಚಿಕೆ ಒಂದು. ಕೆಲಸ ಕೊಡಿಸುತ್ತೇವೆ ಅಂದ ಏಜೆಂಟರನ್ನು ನಂಬಿ ರಷ್ಯಾಕ್ಕೆ ಹೋದ ಹುಡುಗರು ಯುಕ್ರೇನ್ ಯುದ್ಧಕ್ಕೆ ಸಿಕ್ಕಿಬಿದ್ದಾಗ ಅವರಲ್ಲಿ ಕಲಬುರಗಿಯವರೂ ಇದ್ದರು. ಎಲ್ಲರೂ ಯುದ್ಧದ ಬಗ್ಗೆ ಬರೆದರು. ನಾವು ಪಾಸ್‌ಪೋರ್ಟ್ ಬಗ್ಗೆ ಬರೆದೆವು. ಹತ್ತನೇ ತರಗತಿ ಮುಗಿಸದವರು ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕಾದ ದೇಶಗಳು 18. ಸೌದಿ, ಕುವೈತ್, ಓಮನ್ ಎಲ್ಲಾ ಅದರಲ್ಲಿವೆ, ರಷ್ಯಾ ಇಲ್ಲ. ಅಂದರೆ ದುಬೈಗೆ ಹೋಗುವವನನ್ನು ಒಬ್ಬರಾದರೂ ತಡೆದು ಕೇಳುತ್ತಾರೆ, ಮಾಸ್ಕೋಗೆ ಹೋಗುವವನನ್ನು ಆ ಲೆಕ್ಕದಲ್ಲಿ ಯಾರೂ ಕೇಳಲ್ಲ. ಆ ಜುಲೈನಲ್ಲಿ ಪ್ರಧಾನಿ ಮಾಸ್ಕೋದಲ್ಲಿ ವಿಷಯ ಎತ್ತಿದರು, ಸೆಪ್ಟೆಂಬರಿನಲ್ಲಿ ನಮ್ಮ ಹುಡುಗರು ಮರಳಿದರು. ಆ ಹಾಳೆಯನ್ನು ಮಾತ್ರ ಪುಕ್ಕಟೆ ಹಂಚಿದೆವು, ಸಾವಿರ ಪ್ರತಿ. ಒಬ್ಬ ತಾಯಿ ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ನಮ್ಮ ಕೋಣೆಗೆ ಬಂದಿದ್ದರು, ಮಗನ ಏಜೆಂಟನ ಹೆಸರು ನೊಂದಾಯಿತ ಏಜೆಂಟರ ಸರ್ಕಾರಿ ಪಟ್ಟಿಯಲ್ಲಿದೆಯೇ ನೋಡಿ ಅಂತ. ಇರಲಿಲ್ಲ.

ಈಗ ಚಹಾ ಕುಡಿಸಿದ ಕತೆಗೆ ಬರುತ್ತೇನೆ. 2024ರ ಅಕ್ಟೋಬರಿನಲ್ಲಿ ಮೊಜಾಂಬಿಕ್‌ನಲ್ಲಿ ಚುನಾವಣೆ ಆಗಿ ಗಲಾಟೆ ಎದ್ದಿತು. ಗಂಜಿನಲ್ಲಿ ಒಂದೇ ಮಾತು: ಹಡಗು ಬರಲ್ಲ, ಮಾಲು ಹಿಡಿದಿಡಿ, ಮತ್ತೆ ಹತ್ತು ಸಾವಿರ. ನವೆಂಬರ್ ಟಿಪ್ಪಣಿಯಲ್ಲಿ ನಾವು ಎರಡು ಸಾಲು ಬರೆದೆವು. ಶಿವರಾತ್ರಿಯೊಳಗೆ ತೊಗರಿ ದರ ಬೆಂಬಲ ಬೆಲೆ 7,550ಕ್ಕಿಂತ ಕೆಳಗೆ ಬರುತ್ತದೆ, ಶೇ 65. ಸುಂಕವಿಲ್ಲದ ಆಮದಿನ ಗಡುವು ಮಾರ್ಚ್ 31ಕ್ಕೆ ಮುಗಿಯುವ ಮೊದಲೇ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ, ಶೇ 85. ಅಲ್ಲಿನ ತೊಗರಿ ನಮ್ಮ ಶ್ರಾವಣದ ಹೊತ್ತಿಗೆ ಕೊಯ್ಲಾಗುತ್ತದೆ, ಗಲಾಟೆ ಏರುವ ಮೊದಲೇ ಬಹಳಷ್ಟು ಮಾಲು ಹಡಗು ಹತ್ತಿರುತ್ತದೆ ಅನ್ನುವುದು ನಮ್ಮ ಲೆಕ್ಕ. 2021ರಿಂದ ದಿಲ್ಲಿ ಆ ಗಡುವನ್ನು ಪ್ರತಿ ಸಲ ಮುಂದೂಡಿದೆ ಅನ್ನುವುದು ಇನ್ನೊಂದು. ಸುಬೇದಾರ್ ಕಾಕಾ ಒಪ್ಪಲಿಲ್ಲ. ಎರಡಕ್ಕೆ ಒಂದರಂತೆ ಸೋತರು.

ಜನವರಿಯಲ್ಲೇ ಗಡುವು 2026ರ ಮಾರ್ಚ್‌ಗೆ ಹೋಯಿತು. ಬೆಲೆ ಬೆಂಬಲ ಬೆಲೆಯ ಕೆಳಗೆ ಇಳಿಯಿತು, ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಮೇಲೆ ಸೇರಿಸಬೇಕಾಯಿತು. 2024-25ರಲ್ಲಿ ದೇಶಕ್ಕೆ ಬಂದ ತೊಗರಿ 12 ಲಕ್ಷ ಟನ್ ದಾಟಿತು. ನಮ್ಮ ಮಾತು ಕೇಳಿ ಡಿಸೆಂಬರಿನಲ್ಲೇ ಮಾಲು ಬಿಟ್ಟ ಅಡತಿಯವರು ಚಹಾ ಕುಡಿಸಿದರು. ನಮ್ಮದೇ ಟಿಪ್ಪಣಿ ನಂಬದೆ ಆರು ಎಕರೆಯ ತೊಗರಿ ಹಿಡಿದಿಟ್ಟ ಸುಬೇದಾರ್ ಕಾಕಾ ಕೊನೆಗೆ 7,100ಕ್ಕೆ ಕೊಟ್ಟರು. ಆ ವಾರ ಅವರು ಕೋಣೆಗೆ ಬರಲಿಲ್ಲ.

ಕೆಂಪು ಖಾತೆಯಲ್ಲಿ ಈಗ 46 ಸಾಲುಗಳಿವೆ, 29 ಸರಿ, 11 ತಪ್ಪು, ಉಳಿದವು ಬಾಕಿ. ಮೊಜಾಂಬಿಕ್, ಮ್ಯಾನ್ಮಾರ್, ಮಲಾವಿ ಮೂರೂ ಒಪ್ಪಂದಗಳಲ್ಲಿ ಬರೆದ ಅವಧಿ 2025-26ರ ತನಕ. ಮುಂದೇನು ಅಂತ ನಾವು ಬರೆದು, ಶೇಕಡಾ ಹಾಕಿ ಇಟ್ಟಿದ್ದೇವೆ. ಭಜಿಯ ಅಡತಿಯವರು ನಿನ್ನೆ ಅದನ್ನೇ ಕೇಳಿಕೊಂಡು ಬಂದಿದ್ದರು. ಒಂದನೇ ತಾರೀಕಿಗೆ ಹಾಳೆ ಬರುತ್ತದೆ ಅಂದೆ. ಅವರ ಹೋದ ವರ್ಷದ ಚಂದಾ ಇನ್ನೂ ಬಾಕಿ ಇದೆ.