‘ಡೂಮ್ಸ್‌ಡೇ’ ನೋಡುವ ಮುನ್ನ ಮಾಡಿಕೊಳ್ಳಬೇಕಾದ ತಯಾರಿ
ಮಾರ್ವೆಲ್‌ನ ಸೂಪರ್‌ಹೀರೋ ಚಿತ್ರ ‘ಅವೆಂಜರ್ಸ್: ಡೂಮ್ಸ್‌ಡೇ’ಗಾಗಿ ದಾವಣಗೆರೆಯಲ್ಲಿ ಕಾದಿರುವ ಅಭಿಮಾನಿಗಳು ಮೊದಲು ಇದೇ ಸರಣಿಯ 2018ರ ‘ಇನ್ಫಿನಿಟಿ ವಾರ್’ ಮತ್ತು 2019ರ ‘ಎಂಡ್‌ಗೇಮ್’ ಚಿತ್ರಗಳನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು, ಅವೆರಡನ್ನೂ ನಿರ್ದೇಶಿಸಿದ ರೂಸೋ ಸಹೋದರರೇ ಇದರ ನಿರ್ದೇಶಕರೂ ಆಗಿರುವುದು ನನ್ನ ಭರವಸೆಗೆ ಮುಖ್ಯ ಕಾರಣ. ‘ಎಂಡ್‌ಗೇಮ್’ನಲ್ಲಿ ಖಳನಾಯಕ ಥಾನೋಸ್‌ನಿಂದ ಅಪಾರ ಶಕ್ತಿಯ ಆರು ಮಣಿಗಳನ್ನು ಕಸಿದುಕೊಂಡ ಟೋನಿ ಸ್ಟಾರ್ಕ್ (ಐರನ್ ಮ್ಯಾನ್), ಚಿಟಿಕೆ ಹೊಡೆದು ಶತ್ರುಗಳನ್ನು ನಾಶಮಾಡಿ ಪ್ರಾಣ ಬಿಡುವ ದೃಶ್ಯವನ್ನು ವಿಶೇಷವಾಗಿ ಗಮನಿಸಿ. ಟೋನಿಯ ಪಾತ್ರ ಮಾಡಿದ್ದ ಅದೇ ರಾಬರ್ಟ್ ಡೌನಿ ಜೂನಿಯರ್ ಈಗ ಖಳನಾಯಕ ಡಾಕ್ಟರ್ ಡೂಮ್ ಆಗಿ ಬರುತ್ತಿರುವುದರಿಂದ ಆ ಸಾವಿನ ತೂಕ ಕಡಿಮೆಯಾದೀತೇ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಹಳೆಯ ಅಭಿಮಾನವೊಂದನ್ನೇ ನೆಚ್ಚಿಕೊಂಡರೆ, ಎಷ್ಟೇ ದೊಡ್ಡ ಚಿತ್ರವಾದರೂ ನಿಲ್ಲಲಾರದು. ಊಹಾಪೋಹದ ವಿಡಿಯೊಗಳಿಂದ ದೂರವಿರಿ. ಟಿಕೆಟ್ ಕಾಯ್ದಿರಿಸುವಾಗ ಪ್ರದರ್ಶನ ಯಾವ ಭಾಷೆಯದು ಎಂಬುದನ್ನು ಖಚಿತಪಡಿಸಿಕೊಳ್ಳಿ. ಡೌನಿಯವರು ಡೂಮ್‌ಗೆ ಬೇರೆಯೇ ದನಿ ಕೊಟ್ಟಿದ್ದಾರೆಯೇ ಎಂದು ತಿಳಿಯಲು ಮೂಲ ಇಂಗ್ಲಿಷ್ ಪ್ರದರ್ಶನವನ್ನೇ ನೋಡುವುದು ಒಳ್ಳೆಯದು.