ಹಳೆಯ ಪೇಸ್ಟಲ್ ಚಿತ್ರ: ಇದರಲ್ಲಿರುವವರು ಯಾರು, ಬರೆದವರು ಯಾರು?

18ನೇ ಶತಮಾನದ ಇಂಗ್ಲೆಂಡಿನ ಪೇಸ್ಟಲ್ ಭಾವಚಿತ್ರವೊಂದು ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಯಾರದ್ದೋ, ಯಾರು ಬರೆದದ್ದೋ ಗೊತ್ತಿಲ್ಲ. ಗಾಜನ್ನು ಮಾತ್ರ ತೆಗೆಯಬೇಡಿ. ಪೇಸ್ಟಲ್ ಅಂದರೆ ಕಾಗದದ ಮೇಲೆ ಕೂತ ಬಣ್ಣದ ಪುಡಿ. ಬೆರಳು ತಾಗಿದರೆ ಕೆನ್ನೆಯೇ ಅಳಿಸಿಹೋಗುತ್ತದೆ. ಚಿತ್ರವನ್ನು ಬೋರಲು ಹಾಕುವುದೂ ಬೇಡ. ನೆಟ್ಟಗೆ ನಿಲ್ಲಿಸಿ, ನೀವೇ ಚಿತ್ರದ ಹಿಂಬದಿಗೆ ಹೋಗಿ ನೋಡಿ.

ಜಾಸ್ತಿ ಮಾಹಿತಿ ಸಿಗುವುದು ಅಲ್ಲೇ. ಚೌಕಟ್ಟು ಮಾಡಿದವನ ಚೀಟಿ, ಹರಾಜಿನವರು ಹಾಕಿದ ಸಂಖ್ಯೆ, ಮನೆಯವರು ಶಾಯಿಯಲ್ಲಿ ಬರೆದ ಹೆಸರು, ಎಲ್ಲದರ ಫೋಟೊ ತೆಗೆಯಿರಿ. ಚೀಟಿಯಲ್ಲಿ ಅಂಗಡಿಯ ವಿಳಾಸ ಇದ್ದರೆ ಅದೃಷ್ಟ. ಹಳೆಯ ಲಂಡನ್ ವ್ಯಾಪಾರಿಗಳ ಡೈರೆಕ್ಟರಿಗಳಲ್ಲಿ ಆತ ಅಲ್ಲಿದ್ದ ವರ್ಷಗಳನ್ನು ಹುಡುಕಬಹುದು. ಚೌಕಟ್ಟು ಆಮೇಲೆ ಹಾಕಿಸಿದ್ದೂ ಆಗಿರಬಹುದು, ನೆನಪಿರಲಿ. ಇನ್ನು 'ನಮ್ಮ ಮುತ್ತಜ್ಜಿ' ಅಂತ ಬರೆದಿದ್ದರೆ ಸುಮ್ನೆ ನಂಬಬೇಡಿ. ಎಷ್ಟೋ ಸಲ ಅದು ಮೊಮ್ಮಕ್ಕಳು ಊಹಿಸಿ ಬರೆದದ್ದು.

ಆ ಹೆಸರನ್ನು ಬಟ್ಟೆ, ಕೂದಲಿನ ಜೊತೆ ತಾಳೆ ನೋಡಿ. 1795ರಲ್ಲಿ ಬ್ರಿಟನ್ ಸರ್ಕಾರ ಶೋಕಿಗಾಗಿ ಕೂದಲಿಗೆ ಪುಡಿ ಹಚ್ಚುವವರಿಗೆ ವರ್ಷಕ್ಕೆ ಒಂದು ಗಿನಿ (ಆಗಿನ 21 ಶಿಲಿಂಗ್) ತೆರಿಗೆ ಹಾಕಿತು. ಅಲ್ಲಿಂದ ಆ ಶೋಕಿ ಇಳಿಯಿತು. ಪುಡಿ ಹಚ್ಚಿದ ಯುವತಿ 1790ರಲ್ಲಿ ಹುಟ್ಟಿದವಳು ಅಂತ ಚೀಟಿ ಹೇಳಿದರೆ ಅನುಮಾನ ಬರಬೇಕಲ್ವಾ? ಸಮವಸ್ತ್ರ ಇದ್ದರೆ ಕೆಲಸ ಸುಲಭ: ರೆಜಿಮೆಂಟ್ ಗುರುತಿಸಿ, ಸೇನೆಯ ಅಧಿಕಾರಿಗಳ ಅಚ್ಚಾದ ಪಟ್ಟಿಯಲ್ಲಿ ಹೆಸರು ಹುಡುಕಿ.

ಕಲಾವಿದನನ್ನು ಹುಡುಕುವಾಗ ಮೊದಲು ಆಗದವರನ್ನು ಬಿಡುತ್ತಾ ಬನ್ನಿ. ಮಾರುವವರಿಗೆ ದೊಡ್ಡ ಹೆಸರೇ ಬೇಕು. ಆಗಿನ ಹೆಸರಾಂತ ಪೇಸ್ಟಲ್ ಕಲಾವಿದ ಫ್ರಾನ್ಸಿಸ್ ಕೋಟ್ಸ್ ತೀರಿಕೊಂಡದ್ದು 1770ರಲ್ಲಿ. 1780ರ ದಶಕದ ಉಡುಪಿದ್ದರೆ ಅದು ಅವನದಲ್ಲ. ಇನ್ನೊಬ್ಬ ಪೇಸ್ಟಲ್ ಕಲಾವಿದ ಜಾನ್ ರಸೆಲ್, ಲಂಡನ್ನಿನ ಕಲಾವಿದರ ಸಂಸ್ಥೆ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯನಾದದ್ದು 1788ರಲ್ಲಿ. ಸಹಿಯ ಪಕ್ಕ 'ಆರ್.ಎ.' (ಆ ಸದಸ್ಯತ್ವದ ಗುರುತು) ಇದ್ದು, ಇಸವಿ 1780 ಅಂತಿದ್ದರೆ ಏನೋ ಎಡವಟ್ಟಾಗಿದೆ. ಸಹಿ ಹಿನ್ನೆಲೆಯ ಬಣ್ಣದಲ್ಲಿ ಬೆರೆತಿರಬಹುದು. ಟಾರ್ಚನ್ನು ಪಕ್ಕದಿಂದ ಹಿಡಿದು ಅಂಚುಗಳನ್ನು ನೋಡಿ.

ಅಕಾಡೆಮಿಯ ಪ್ರದರ್ಶನ ಪಟ್ಟಿಗಳು 1769ರಿಂದ ಇವೆ. ಆದರೆ ಅವುಗಳಲ್ಲಿ ಬರೀ 'ಒಬ್ಬ ಮಹಿಳೆ' ಅಂತಲೇ ಜಾಸ್ತಿ. ಅದಕ್ಕಿಂತ, 1800ಕ್ಕೆ ಮೊದಲಿನ ಪೇಸ್ಟಲ್ ಕಲಾವಿದರ ಬಗ್ಗೆ ನೀಲ್ ಜೆಫಾರೆಸ್ ಮಾಡಿರುವ ಆನ್‌ಲೈನ್ ಕೋಶದಲ್ಲಿ ಹೋಲುವ ಚಿತ್ರ ಹುಡುಕಿ. ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಹೈನ್ಜ್ ಸಂಗ್ರಹದಲ್ಲೂ ಭಾವಚಿತ್ರಗಳ ಫೋಟೊಗಳಿವೆ. ತಜ್ಞರಿಗೆ ಬರೆಯುವಾಗ ಮುಂಭಾಗ, ಹಿಂಭಾಗ ಎರಡರ ಫೋಟೊ ಮತ್ತು ಚೌಕಟ್ಟು ಬಿಟ್ಟು ಚಿತ್ರದ ಅಳತೆ ಕಳಿಸಿ.